ಗೋಡೆಗೆ ಇಳಿದ ನೀಲಿ

ಗೋಡೆಗೆ ಕಾರ್ಮುಗಿಲಿನ ನೀಲಿಬೂದಿ ಬಳಿಸುವುದು ಇಂದು ಸುಲಭ. ಹಿಂದೆ ಯೂರೋಪಿನಲ್ಲಿ ಸಿರಿವಂತರೂ ಅದಕ್ಕೆ ಹಿಂದೆಮುಂದೆ ನೋಡಬೇಕಿತ್ತು. ಅತ್ಯುತ್ತಮ ನೀಲಿ ಬರುತ್ತಿದ್ದುದು ಬದಕ್ಷಾನಿನ ಗಣಿಗಳ ಲಾಜವರ್ದ ಕಲ್ಲಿನಿಂದ. 1706ರ ಸುಮಾರಿಗೆ ಬರ್ಲಿನ್ನಿನ ಬಣ್ಣಗಾರ ಡೀಸ್‌ಬಾಖ್ ಕೆಂಪು ಮಾಡಹೊರಟ. ಅವನ ಪೊಟ್ಯಾಷಿನಲ್ಲಿ ಪ್ರಾಣಿಜನ್ಯ ಎಣ್ಣೆಯ ಕಲ್ಮಷವಿತ್ತಂತೆ. ಕೆಂಪಿಗೆ ಬದಲು ಕಡುನೀಲಿ ಬಂತು! ಇದೇ ಪ್ರಷ್ಯನ್ ನೀಲಿ. ತಯಾರಿಕೆಯ ಗುಟ್ಟು 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಬಯಲಾಯಿತು. ಸೀಸದ ಬಿಳುಪು, ದೀಪದ ಮಸಿಗಳೊಡನೆ ಎಣ್ಣೆಯಲ್ಲಿ ಅರೆದರೆ ನೀಲಿಬೂದಿ ಸಿದ್ಧ.

ಆದರೆ ಸುಣ್ಣ ಇದರ ಶತ್ರು. ಹಸಿಗಾರೆಯ ಮೇಲೆ ಈ ನೀಲಿ ಕಂದಾಗಿಬಿಡುತ್ತದೆ. ನಮ್ಮ ಸುಣ್ಣದ ಗೋಡೆಗಳಿಗೆ ಒಗ್ಗಿದ್ದು ಮತ್ತೊಂದು: ಫ್ರಾನ್ಸಿನ ಗಿಮೆ 1820ರ ದಶಕದಲ್ಲಿ ಕೃತಕವಾಗಿ ತಯಾರಿಸಿದ ಲಾಜವರ್ದ ನೀಲಿ. ಬಟ್ಟೆಗೆಂದು ತಂದ ನೀಲಿಪುಡಿಯನ್ನು ನಮ್ಮ ಅಜ್ಜಿಯರು ಸುಣ್ಣದ ಬಾನಿಗೂ ಚಿಟಿಕೆ ಉದುರಿಸುತ್ತಿದ್ದರಲ್ಲ, ಅದೇ.