ನಗರದ ರೈತಕೂಟ

ಚಾಮರಾಜಪೇಟೆಯಿಂದ ಕಾಲೇಜಿಗೆ ನಡೆಯುವಾಗ ಟಿಪ್ಪುವಿನ ಬೇಸಗೆಯ ಅರಮನೆ ನನಗೆ ನಿತ್ಯ ಎದುರಾಗುತ್ತದೆ. 1831ರಿಂದ 1868ರವರೆಗೆ ಅಲ್ಲಿ ಸರಕಾರದ ಕಚೇರಿಗಳಿದ್ದವೆಂದು ಬಲ್ಲವರುಂಟು. ಅವು ಮೈಸೂರು ಬಿಟ್ಟು ಇಲ್ಲಿಗೆ ಬರಲು ಮಲೆನಾಡಿನ ರೈತರು ಕಾರಣರೆಂದು ನೆನೆಯುವವರು ವಿರಳ.

ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರೇ ನಗರ. ಮೂರನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಸೀಮೆಗೂ ‘ಶರತ್ತು’ ಪದ್ಧತಿ ಬಂದಿತು. ಇಷ್ಟು ಹಣ ಒಪ್ಪಿಸುವೆನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಮೆಬಿದ್ದರೆ ತಾನೇ ತುಂಬಬೇಕು. ಆ ಭಾರವೆಲ್ಲ ಕಡೆಗೆ ಬಿದ್ದುದು ರೈತನ ಬೆನ್ನಿನ ಮೇಲೆ. ಮೈಸೂರು ದೂರ, ರೈತನ ಅಹವಾಲಿಗೆ ಅರಮನೆಯ ಬಾಗಿಲು ಇನ್ನೂ ದೂರ. 1830ರಲ್ಲಿ ರೈತರು ಕೂಟ ಸೇರಿದರು, ಕಂದಾಯ ಕೊಡೆವೆಂದರು. ಬೂದಿ ಬಸವಪ್ಪನೆಂಬವನು ತಾನೇ ನಗರದ ಅರಸನೆಂದು ಸಾರಿಕೊಂಡನು. ಕೂಟ ದಂಗೆಗೆ ತಿರುಗಿತು; ಇಂಗ್ಲಿಷರ ದಂಡು ಬಂದು ಅಡಗಿಸಿತು. ಅದನ್ನೇ ನೆವಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡನು.

ಮುಂದೆ ಕಮಿಷನರ್ ಕಬ್ಬನ್ ಅನೇಕ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ್ದು ನಿಜ. ಆದರೂ ಮೈಸೂರಿಗೆ ಮೊರೆಯಿಟ್ಟವರಿಗೆ ದೊರೆತದ್ದು ಕಲ್ಕತ್ತೆಯ ಅಧಿಕಾರ. ಅದೂ 1881ರವರೆಗೆ, ಐವತ್ತು ವರ್ಷ! ರೈತನ ಮೊರೆಯನ್ನು ಸಕಾಲಕ್ಕೆ ಕೇಳದ ಅರಮನೆ ರಾಜ್ಯವನ್ನೇ ಕಳೆದುಕೊಂಡಿತು. ಬೆಂಗಳೂರಿಗೆ ಕಚೇರಿಗಳು ಬಂದವು. ನಮ್ಮ ಊರಿನ ಈ ಹಿರಿಮೆಯ ಹಿಂದೆ ಹೆಸರುಳಿಯದ ಆ ರೈತರ ಋಣವಿದೆ.