ಮೈಸೂರಿನ ಜಾವಾ, ನಮ್ಮ ಮನೆಯ ಯೆಜ್ಡಿ

ಮೋಟಾರ್ ಸೈಕಲ್ ಕುರಿತ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಮೂರು ನಾಲ್ಕು ಕಡೆ ಕಂಡಿತು. ‘ಜಾವಾ ಬೈಕು ಇಂಡೋನೇಷ್ಯದ ಜಾವಾ ದ್ವೀಪದ್ದೋ, ನಮ್ಮ ಮೈಸೂರಿನದೋ?’ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅತಿಥಿಗಳು ಮಾತಿಗೆ ಕೂತರೆ ಇಂಥದಕ್ಕೆಲ್ಲ ಸಮಯ ಸಿಗುವುದಿಲ್ಲ. ಈ ಪುಟದಲ್ಲಿ ಆ ಸಾಲ ತೀರಿಸುತ್ತೇನೆ. ಜೊತೆಗೆ, ಬೈಕು ಇಟ್ಟುಕೊಳ್ಳುವುದು ಎಂದರೆ ಒಂದು ಕಾಲಕ್ಕೆ ಏನಾಗಿತ್ತು ಎಂಬುದನ್ನೂ ನಿಮಗೆ ಹೇಳಬೇಕಾಗಿದೆ.

ಜಾವಾ ದ್ವೀಪಕ್ಕೂ ಈ ಬೈಕಿಗೂ ಸಂಬಂಧವಿಲ್ಲ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕನಿದ್ದ. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಬಂದೂಕಿಗೆ ಬೇಡಿಕೆ ಇಳಿದಾಗ ಆತ ಬೇರೆ ಸರಕು ಹುಡುಕಿದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಪಡೆದ. ಯಾನೆಚೆಕ್‌ನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿ ಆ ಹೆಸರಾಯಿತು. ಅವರ ಉಚ್ಚಾರದಲ್ಲಿ ಅದು ‘ಯಾವಾ’, ನಮ್ಮ ಬಾಯಲ್ಲಿ ‘ಜಾವಾ’. ಮೊದಲ ಬೈಕು 500 ಸಿಸಿಯದು, ದುಬಾರಿಯದು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದನ್ನು ಕೊಳ್ಳುವವರು ಕಡಿಮೆ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿಸಿಯ ಅಗ್ಗದ ಬೈಕು ಬಂದ ಮೇಲೆ ಕಂಪನಿ ಉಸಿರಾಡಿತು.

ಎರಡನೆಯ ಮಹಾಯುದ್ಧದಲ್ಲಿ ಪ್ರಾಗ್ ಜರ್ಮನ್ನರ ವಶದಲ್ಲಿತ್ತು. ಕಾರ್ಖಾನೆ ಅವರ ಕೆಲಸ ಮಾಡಬೇಕಿತ್ತು. ಆದರೂ ಅಲ್ಲಿನ ಎಂಜಿನಿಯರುಗಳು ಕದ್ದುಮುಚ್ಚಿ ಒಂದು 250 ಸಿಸಿ ಬೈಕನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದು 1946ರಲ್ಲಿ ಅದು ಹೊರಬಂದಾಗ ಜನ ಅದಕ್ಕೆ ‘ಪೆರಾಕ್’ ಎಂದು ಕರೆದರು. ಕತ್ತಲ ರಾತ್ರಿಗಳಲ್ಲಿ ಸ್ಪ್ರಿಂಗಿನ ಮೇಲೆ ನೆಗೆಯುತ್ತ ಪ್ರಾಗ್‌ನ ಬೀದಿಗಳಲ್ಲಿ ಓಡಾಡುತ್ತಾನೆ ಎಂದು ಜನ ಕತೆ ಕಟ್ಟಿದ್ದ ಒಬ್ಬ ಮನುಷ್ಯನ ಹೆಸರದು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದ ಬೈಕಿಗೆ ಅದಕ್ಕಿಂತ ಒಳ್ಳೆಯ ಹೆಸರು ಯಾರು ಇಡಬಲ್ಲರು! ಯಾನೆಚೆಕ್ ಅದನ್ನು ನೋಡಲಿಲ್ಲ. 1941ರಲ್ಲೇ ತೀರಿಕೊಂಡಿದ್ದ.

ಇನ್ನು ಮೈಸೂರು. ಮುಂಬಯಿಯಲ್ಲಿ ರುಸ್ತುಂ ಇರಾನಿ ಎಂಬುವರು ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದರು. ಐವತ್ತರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಮಾರಬೇಕೆಂದರೆ ಇಲ್ಲೇ ಮಾಡಬೇಕು ಎಂಬ ಸ್ಥಿತಿ. ಚೆಕೊಸ್ಲೊವಾಕಿಯದವರ ಪರವಾನಗಿ ಪಡೆದು ಅವರು ಐಡಿಯಲ್ ಜಾವಾ ಕಂಪನಿಯನ್ನು ಆರಂಭಿಸಿ, ಕಾರ್ಖಾನೆಗೆ ಆರಿಸಿಕೊಂಡದ್ದು ಮೈಸೂರಿನ ಯಾದವಗಿರಿಯನ್ನು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಒಂದೇ ಬಡಾವಣೆಯಲ್ಲಿ ಆಕಾಶವಾಣಿ, ಆರ್. ಕೆ. ನಾರಾಯಣರ ಮನೆ, ಮೋಟಾರ್ ಸೈಕಲ್ ಕಾರ್ಖಾನೆ! ಯಾದವಗಿರಿಯವರು ಇದನ್ನು ಹೇಳಿಕೊಳ್ಳುವಾಗ ಸ್ವಲ್ಪ ಬೀಗುತ್ತಾರೆ. ಬೀಗಲಿ ಬಿಡಿ.

ಎಪ್ಪತ್ತರ ದಶಕದ ಆರಂಭದಲ್ಲಿ ಟ್ಯಾಂಕಿನ ಮೇಲಿನ ‘ಜಾವಾ’ ಹೋಗಿ ‘ಯೆಜ್ಡಿ’ ಬಂತು. ಇರಾನಿಗಳ ಪೂರ್ವಜರ ಊರಾದ ಯಜ್ದ್‌ನಿಂದ ಈ ಹೆಸರು ಬಂದಿದೆ ಎಂದು ಕೆಲವರು ಹೇಳುತ್ತಾರೆ. ಚೆಕ್ ಭಾಷೆಯಲ್ಲಿ ‘ಯೆಜ್ಡಿಟ್’ ಎಂದರೆ ಸವಾರಿ ಮಾಡು ಎಂದರ್ಥ, ಅದರಿಂದ ಎಂದು ಇನ್ನು ಕೆಲವರು. ಎರಡೂ ಚೆನ್ನಾಗಿಯೇ ಇವೆ.

ನಮ್ಮ ಅಪ್ಪ ಕೆಲಸಕ್ಕೆ ಸೇರಿದ ಮೇಲೆ 1974ರಲ್ಲಿ ಕೊಂಡದ್ದು ಇಂಥದೊಂದು ಯೆಜ್ಡಿ. ಅದನ್ನು ಬಲ್ಲವರಿಗೆ ಗೊತ್ತು, ಹೊಸಬ ಯಾರಾದರೂ ಹತ್ತಿ ಕೂತರೆ ಮೊದಲು ಕಿಕ್ಕರ್ ಎಲ್ಲಿದೆ ಎಂದು ಹುಡುಕುತ್ತಾನೆ. ಇರುವುದಿಲ್ಲ. ಎಡಗಡೆಯ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ಮತ್ತೆ ಕೆಳಕ್ಕೆ ಇಳಿಸಿದರೆ ಗೇರು. ಆ ಲಿವರಿಗೆ ಇನ್ನೊಂದು ವಿದ್ಯೆಯೂ ಗೊತ್ತು. ಅದನ್ನು ತುಳಿದರೆ ಒಳಗಿನ ಸಂಪರ್ಕದಿಂದ ಕ್ಲಚ್ಚು ತಾನೇ ಬಿಡುಗಡೆಯಾಗುತ್ತದೆ. ಕ್ಲಚ್ ವೈರು ದಾರಿಯಲ್ಲಿ ಕಡಿದುಹೋದರೂ ನೀವು ಮನೆ ಸೇರಬಹುದು. ಚೈನಿಗೆ ಸುತ್ತಲೂ ಮುಚ್ಚಿದ ಕೇಸ್, ಧೂಳು ಕೆಸರು ತಾಗುವುದಿಲ್ಲ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ದುರಸ್ತಿಯ ಅಂಗಡಿ ದೂರವಿರುವ ಊರಿನಲ್ಲಿ ಬದುಕುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಅದು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಆದರೆ ಅದು ಮಾಲೀಕನಿಂದಲೂ ಒಂದಷ್ಟು ಬೇಡುತ್ತಿತ್ತು. ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು, ಸಹಿಸಿಕೊಳ್ಳಿ. ಈಗಿನ ಬೈಕುಗಳ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಒಂದು ಸಲ ಪೆಟ್ರೋಲು ಉರಿಯುತ್ತದೆ. ಎಂಜಿನ್ ಆಯಿಲ್ ತಳದಲ್ಲಿ ಬೇರೆಯಾಗಿಯೇ ಇರುತ್ತದೆ. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಉರಿ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಅದು ಓಡಾಡುವ ಜಾಗದಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲವಲ್ಲ. ಹಾಗಾಗಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ನಮ್ಮ ಮನೆಯ ಲೆಕ್ಕ ಲೀಟರಿಗೆ 40 ಮಿಲಿಲೀಟರ್. ಬೇರಿಂಗು, ಪಿಸ್ಟನ್ನು, ಸಿಲಿಂಡರ್ ಗೋಡೆ ಎಲ್ಲದಕ್ಕೂ ಆ ಮಿಶ್ರಣದ ಪಸೆಯೇ ಗತಿ.

ಇದರಿಂದ ಎರಡು ಮಾತು ಹುಟ್ಟುತ್ತವೆ. ಒಂದು, ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಮೈಲುಗಟ್ಟಲೆ ಇಳಿಯಬಾರದು. ಪೆಟ್ರೋಲು ನಿಂತರೆ ಆಯಿಲೂ ನಿಂತಂತೆ, ಚಕ್ರವೋ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಆಗಾಗ ಒಮ್ಮೆ ಆಕ್ಸಿಲರೇಟರ್ ತಿರುವಿ ಬಿಡಬೇಕು. ಇನ್ನೊಂದು, ಬಂಕಿನಲ್ಲಿ ಆಯಿಲ್ ಹಾಕಿಸಲು ಮರೆಯಬಾರದು.

ನಾನು ಮರೆತೆ. 1998ರಲ್ಲಿ, ಬಿ.ಎಸ್ಸಿ. ಎರಡನೆಯ ವರ್ಷ. ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆ ಹೋಗುತ್ತಿದ್ದೆ. ಬಂಕಿನ ಹುಡುಗ ಆಯಿಲ್ ಹಾಕಿದ್ದಾನೆಂದು ನಾನು ತಿಳಿದಿದ್ದೆ, ಬೇಕೆಂದು ನಾನು ಹೇಳಲಿಲ್ಲವೆಂದು ಅವನು ಸುಮ್ಮನಿದ್ದ. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಮಿಶ್ರಣದ ಪುಣ್ಯದಿಂದ ಒಂದಷ್ಟು ದೂರ ಓಡಿತು. ಬೇಗೂರಿನ ಹತ್ತಿರ ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಬಿಗಿಯಾಯಿತು. ಮರುಕ್ಷಣ ಹಿಂದಿನ ಚಕ್ರ ಸಿಕ್ಕಿಹಾಕಿಕೊಂಡಂತೆ ನಿಂತು, ಬೈಕು ರಸ್ತೆಯ ಮೇಲೆ ಗೆರೆ ಎಳೆಯುತ್ತ ಜಾರಿತು. ಕ್ಲಚ್ಚನ್ನು ಹಿಡಿದೆನೆಂಬುದು ಆಮೇಲೆ ಗೊತ್ತಾದದ್ದು, ಕೈ ತಾನಾಗಿ ಹಿಡಿದಿತ್ತು. ಹಾಗಾಗಿಯೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಹಿಂದೆ ಲಾರಿ ಇರಲಿಲ್ಲ. ಸಿಲಿಂಡರ್ ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದವನು ನಾನು!

ಟೆಂಪೋದಲ್ಲಿ ಹಾಕಿಕೊಂಡು ಮೈಸೂರಿಗೆ ಬಂದಾಗ ಅಪ್ಪ ಬೈಯಲಿಲ್ಲ. ನನ್ನ ಮೊಣಕೈ ನೋಡಿದರು, ಆಮೇಲೆ ಬೈಕನ್ನು ನೋಡಿದರು. ಮರುದಿನ ಮೇಸ್ತ್ರಿಯ ಹತ್ತಿರ ನನ್ನನ್ನೇ ಕಳಿಸಿದರು. ಆ ಮೇಸ್ತ್ರಿ ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದವರು. ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಶೀಟಿನ ಮಾಡಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದರು. ಹೆಡ್ ಬಿಚ್ಚಿ, ಗೀರುಬಿದ್ದ ಸಿಲಿಂಡರಿನ ಒಳಗೆ ಬೆರಳಾಡಿಸಿ, ‘ಪೆಟ್ರೋಲು ಅನ್ನ ಕಣಪ್ಪ, ಆಯಿಲು ನೀರು. ಬರೀ ಅನ್ನ ನುಂಗ್ಸಿದ್ರೆ ಗಂಟ್ಲಿಗೆ ಸಿಕ್ಕಾಕ್ಕೊಳ್ಳಲ್ವಾ?’ ಎಂದರು. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕುವವರೆಗೆ ಎರಡು ದಿನ ನಾನು ಅಲ್ಲೇ ಕೂತು ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆದೆ. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು, ಪಾಯಿಂಟಿನ ಸಂದು ಹೊಂದಿಸುವುದು, ಸೈಲೆನ್ಸರಿನ ಒಳಗಿನ ಕೊಳವೆ ಎಳೆದು ಮಸಿ ಸುಟ್ಟು ತೆಗೆಯುವುದು, ಎಲ್ಲ ಕಲಿತದ್ದು ಅಲ್ಲಿ. ಕಂದುಬಣ್ಣ ಇದ್ದರೆ ಸರಿ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಅಥವಾ ಆಯಿಲು ಜಾಸ್ತಿ, ಬೆಳ್ಳಗಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವುದನ್ನೂ ನೋಡಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಬೈಕನ್ನು ತೊಳೆದು ಹೂ ಹಾಕಿದ್ದು ನಾನು. ಅದರ ಒಳಗೆ ಏನಿದೆ ಎಂಬುದು ಗೊತ್ತಿದ್ದು ಕೈಮುಗಿದ ಮೊದಲ ವರ್ಷ ಅದು.

ಆದರೆ ಅಷ್ಟು ಹೊತ್ತಿಗೆ ಕಾರ್ಖಾನೆಯೇ ಇರಲಿಲ್ಲ. 1978ರಲ್ಲಿ ಬಂದ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಾಗಿತ್ತು, ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಆಮೇಲೆ 1985 ಬಂತು. ಜಪಾನಿನವರ ಸಹಯೋಗದ 100 ಸಿಸಿ ಬೈಕುಗಳು ಬಂದವು. ಯಮಹಾ ಆರ್‌ಎಕ್ಸ್ 100 ಹಗುರವಾಗಿ ಚಿಮ್ಮುತ್ತಿತ್ತು. ಫೋರ್ ಸ್ಟ್ರೋಕಿನ ಹೀರೋ ಹೋಂಡಾ ಸಿಡಿ 100 ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟಿತು. ನಮ್ಮ ಯೆಜ್ಡಿ ಕೊಡುತ್ತಿದ್ದುದು ಮೂವತ್ತರ ಆಸುಪಾಸು. ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಆ ಹೊಸ ಬೈಕಿನ ಘೋಷಣೆಯ ಸಾರ. ಆಯಿಲು ಅಳೆದು ಬೆರೆಸುತ್ತ, ಪಾಯಿಂಟು ಉಜ್ಜುತ್ತ ಇದ್ದ ಗೃಹಸ್ಥನಿಗೆ ‘ಮರೆತುಬಿಡಿ’ ಎನ್ನುವುದಕ್ಕಿಂತ ದೊಡ್ಡ ಆಮಿಷ ಯಾವುದು? ನಮ್ಮ ಬೀದಿಯಲ್ಲೇ ಜಾವಾ ಮಾರಿ ಹೊಸದು ತಂದವರಿದ್ದರು. ಅವರನ್ನು ದೂರುವಂತಿಲ್ಲ. ತಿಂಗಳ ಸಂಬಳದಲ್ಲಿ ಮಕ್ಕಳ ಫೀಸು ಕಟ್ಟುವವನಿಗೆ ಮೈಲೇಜು ಸಣ್ಣ ಸಂಗತಿಯಲ್ಲ.

ಹೊಗೆಯ ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗಲೇ ಸುಟ್ಟ ಹೊಗೆ ಹೊರಹೋಗುವ ಬಾಗಿಲೂ ತೆರೆದಿರುತ್ತದೆ. ಒಂದಷ್ಟು ಪೆಟ್ರೋಲು ಉರಿಯದೆಯೇ ಹೊರಕ್ಕೆ ನುಸುಳುತ್ತದೆ, ಜೊತೆಗೆ ಸುಟ್ಟ ಆಯಿಲು. ನಾವು ಪ್ರೀತಿಯಿಂದ ಎಳೆದುಕೊಂಡ ಆ ವಾಸನೆ ಪಕ್ಕದ ಮನೆಯ ಕೂಸಿನ ಎದೆಗೂ ಹೋಗಿದೆ. 1991ರಲ್ಲಿ ಬಂದ ಹೊಗೆ ನಿಯಮಗಳು 1996ರಲ್ಲಿ ಬಿಗಿಯಾದವು, 2000ದಲ್ಲಿ ಇನ್ನೂ ಬಿಗಿಯಾದವು. ಅವು ತಪ್ಪೆಂದು ಜಾವಾ ಅಭಿಮಾನಿಯಾದ ನಾನೂ ಹೇಳಲಾರೆ. ಸಾಲ, ಕಾರ್ಮಿಕ ತಕರಾರು, ಹಳೆಯದಾದ ಎಂಜಿನ್, ಎಲ್ಲ ಕೂಡಿ 1996ರಲ್ಲಿ ಯಾದವಗಿರಿಯ ತಯಾರಿಕೆ ನಿಂತಿತು. ಸುಮಾರು 35 ವರ್ಷ ನಡೆದ ಕಾರ್ಖಾನೆ. ನಮ್ಮ ಮೇಸ್ತ್ರಿ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಕೆದಕಿದರೆ, ‘ಆ ಸ್ಪಾನರ್ ಕೊಡು’ ಎನ್ನುತ್ತಿದ್ದರು.

2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಹೊಸ ಕಂಪನಿಯೊಂದರಿಂದ ಮತ್ತೆ ರಸ್ತೆಗೆ ಬಂದವು. ಎಂಜಿನ್ ಮಾತ್ರ ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವಂಥದು. ಹೆಸರು ಅದೇ, ದನಿ ಬೇರೆ. ಹಳೆಯ ದನಿ ಕೇಳಬೇಕೆಂದರೆ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರಿ. ಜಾವಾ ಯೆಜ್ಡಿ ದಿನವೆಂದು ಹಳೆಯ ಬೈಕುಗಳು ಸಾಲಾಗಿ ಹೊರಡುತ್ತವೆ.

ಹಳೆಯದೊಂದನ್ನು ಕೊಳ್ಳಬೇಕೆಂದು ಬರೆದವರಿಗೆ ಕೆಲವು ಮಾತು. ಬಣ್ಣಕ್ಕೆ ಮರುಳಾಗಬೇಡಿ, ಮೊದಲು ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್.ಸಿ. ಪುಸ್ತಕದೊಂದಿಗೆ ಹೋಲಿಸಿ. ಕಾಗದ ಸರಿಯಿಲ್ಲದ ಬೈಕು ಎಷ್ಟು ಅಗ್ಗವಾದರೂ ದುಬಾರಿಯೇ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ನವೀಕರಣ ಬಾಕಿಯಿದೆಯೇ ಕೇಳಿ. ಎಂಜಿನ್ ತಣ್ಣಗಿರುವಾಗಲೇ ನಿಮ್ಮ ಕಾಲಿನಿಂದಲೇ ಕಿಕ್ ಹೊಡೆದು ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಬದಲಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು ಬರಿದು ಮಾಡಿ.

ನಮ್ಮ ಬೈಕಿಗೆ ಐವತ್ತು ತುಂಬಿದೆ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಗೌರವದ ಸಂಗತಿಯೇ. ಆದರೆ ಹಾಗೆ ನೋಂದಾಯಿಸಿದ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬೇಕು. ಅರ್ಜಿ ತಂದು ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

‘ಹಾಗಾದ್ರೆ ತರಕಾರಿಗೆ ಯಾವುದರಲ್ಲಿ ಹೋಗ್ಲೋ?’ ಎಂದರು.

ಅರ್ಜಿ ಇನ್ನೂ ಮೇಜಿನ ಮೇಲೇ ಇದೆ.