ನೆನಪಿಲ್ಲದ ವಾದ್ಯ, ಕಾಯುವ ಸಭೆ

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ರೂಪಿಸಿದ ಸಿಂಥಸೈಜರ್, ವಾದ್ಯಕ್ಕಿಂತ ಹೆಚ್ಚಾಗಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ಹೋಲುತ್ತಿತ್ತು. ಒಂದು ನಾದ ಹೊರಡಬೇಕಾದರೆ ದೊಡ್ಡ ಪೆಟ್ಟಿಗೆಗಳ ನಡುವೆ ತಂತಿಗಳನ್ನು ಸಿಕ್ಕಿಸಬೇಕು. ಸ್ಟುಡಿಯೋಗೆ ಸರಿ, ವೇದಿಕೆಗೆ ಹೊರುವವರಾರು? ಕೀತ್ ಎಮರ್ಸನ್‌ರಂಥ ಸಾಹಸಿಗಳು ಅದನ್ನೂ ಹೊತ್ತರೆನ್ನಿ.

1970ರ ಮಿನಿಮೋಗ್ ಈ ಕಷ್ಟ ನೀಗಿತು. ತಂತಿಗಳೆಲ್ಲ ಒಳಗೇ ಸೇರಿದವು. ಎಡಬದಿಯ ಚಕ್ರ ತಿರುಗಿಸಿದರೆ ಸ್ವರ ಬಾಗುತ್ತಿತ್ತು. ಹಾರ್ಮೋನಿಯಂ ಮನೆಗಳಿಗೆ ದಕ್ಕದ ಜಾರು ಇಲ್ಲಿ ದಕ್ಕಿತು. ಮಹಾವಿಷ್ಣು ಆರ್ಕೆಸ್ಟ್ರಾದ ಯಾನ್ ಹ್ಯಾಮರ್ ಈ ಚಕ್ರದ ಬಲದಿಂದಲೇ ಗಿಟಾರಿಗೆ ಸಾಟಿಯಾಗಿ ನುಡಿಸಿದರು. ಆದರೆ ಒಮ್ಮೆಗೆ ಒಂದೇ ಸ್ವರ. ಬಿಸಿಯೇರಿದರೆ ಶ್ರುತಿಯೂ ಕದಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ವಾದ್ಯಕ್ಕೆ ನೆನಪಿರಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಮೊದಲಾಗುವಷ್ಟರಲ್ಲಿ, ಚೀಟಿ ನೋಡಿಕೊಂಡು ಒಂದೊಂದೇ ನಾಬ್ ತಿರುಗಿಸಿ ಹೊಸ ನಾದ ಹೊಂದಿಸಬೇಕು. ಅದೂ ಕಾದು ಕುಳಿತ ಸಭೆಯ ಮುಂದೆ!

1978ರ ಪ್ರಾಫೆಟ್-5ಕ್ಕೆ ಡೇವ್ ಸ್ಮಿತ್ ಮೈಕ್ರೊಪ್ರೊಸೆಸರ್ ಅಳವಡಿಸಿದರು. ಐದು ಸ್ವರ ಒಟ್ಟಿಗೆ, 40 ನಾದಗಳು ನೆನಪಿನಲ್ಲಿ. ಗುಂಡಿ ಒತ್ತಿದರೆ ಸಾಕು. ವೇದಿಕೆಯ ವಾದಕನಿಗೆ ಬೇಕಿದ್ದುದು ಇದೇ.

1983ರ ಯಮಾಹಾ ಡಿಎಕ್ಸ್7 ಇನ್ನೂ ಮುಂದೆ ಹೋಯಿತು: ಒಟ್ಟಿಗೆ 16 ಸ್ವರ, ಬೆರಳಿನ ಹಗುರ-ಬಿರುಸು ಅರಿಯುವ ಮನೆಗಳು. ನಾಬ್‌ಗಳು ಮಾತ್ರ ಮಾಯ. ಹೊಸ ನಾದ ಕಟ್ಟುವುದು ಕಿರುಪರದೆಯ ಅಂಕಿಗಳ ಲೆಕ್ಕವಾಯಿತು. ಬಹುಮಂದಿ ಆ ಗೋಜಿಗೇ ಹೋಗದೆ ಕಾರ್ಖಾನೆ ತುಂಬಿಕೊಟ್ಟ ನಾದಗಳನ್ನೇ ನುಡಿಸಿದರು. ಆ ದಶಕದ ಎಷ್ಟೋ ಹಾಡುಗಳಲ್ಲಿ ಒಂದೇ ಎಲೆಕ್ಟ್ರಿಕ್ ಪಿಯಾನೊ ಕೇಳಿಬರುವುದು ಇದರಿಂದಲೇ.

2016ರಲ್ಲಿ ಮೋಗ್ ಕಂಪನಿ ಮಿನಿಮೋಗನ್ನು ಮತ್ತೆ ತಯಾರಿಸಿತು. ಈ ಸಲವೂ ಅದಕ್ಕೆ ನೆನಪು ಕೊಡಲಿಲ್ಲ.